ಎಲೆಕ್ಟ್ರಿಕ್ ಸೂಪರ್‌ಚಾರ್ಜರ್: ಎಷ್ಟು ಕಿಲೋವ್ಯಾಟ್, ಎಷ್ಟು ಸೆಕೆಂಡ್?

2024ರ ನವೆಂಬರ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಐಕ್ಮಾ ಬೈಕ್ ಮೇಳದಲ್ಲಿ ಹೋಂಡಾ ಕಂಪನಿ ಒಂದು ಹೊಸ ಎಂಜಿನ್ ಪ್ರದರ್ಶನಕ್ಕಿಟ್ಟಿತು. ‘ವಿ’ ಆಕಾರದಲ್ಲಿ ಕೂರಿಸಿದ ಮೂರು ಸಿಲಿಂಡರ್, ಜೊತೆಗೆ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ, ವಿದ್ಯುತ್ ಮೋಟರಿನಿಂದ ತಿರುಗುವ ಪುಟ್ಟದೊಂದು ಕಂಪ್ರೆಸರ್. ಮರುವರ್ಷ ಅದೇ ಮೇಳಕ್ಕೆ ಆ ಎಂಜಿನ್ ಪೂರ್ಣ ಬೈಕಾಗಿ ಬಂತು. ಎಂಜಿನ್ 900 ಸಿಸಿಯದ್ದು, ಸಾಮರ್ಥ್ಯ ಮಾತ್ರ 1200 ಸಿಸಿ ಬೈಕಿಗೆ ಸಮ ಎಂಬುದು ಹೋಂಡಾ ಹೇಳಿಕೆ.

ಇನ್ನೊಂದು ಕಡೆ, ಆನ್‌ಲೈನ್ ಅಂಗಡಿಗಳಲ್ಲಿ ‘ಎಲೆಕ್ಟ್ರಿಕ್ ಟರ್ಬೊ’, ‘ಎಲೆಕ್ಟ್ರಿಕ್ ಸೂಪರ್‌ಚಾರ್ಜರ್’ ಎಂಬ ಹೆಸರಿನಲ್ಲಿ ಕೆಲವೇ ಸಾವಿರ ರೂಪಾಯಿಗೆ ಸಿಗುವ ಸಾಧನಗಳಿವೆ. ಏರ್ ಫಿಲ್ಟರಿನ ಪೈಪು ಕತ್ತರಿಸಿ ನಡುವೆ ಕೂರಿಸಿ, ಎರಡು ವೈರು ಬ್ಯಾಟರಿಗೆ ಕೊಟ್ಟರಾಯಿತು. ಪಿಕಪ್ಪೂ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ ಎಂಬ ಜಾಹೀರಾತು. ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಹುಡುಗರು ‘ಇದನ್ನ ಹಾಕಿಸಬಹುದಾ?’ ಎಂದು ಆಸೆಯಿಂದ ಕೇಳುತ್ತಾರೆ.

ಎರಡಕ್ಕೂ ಹೆಸರು ಒಂದೇ, ತತ್ವವೂ ಒಂದೇ. ಹೋಂಡಾದವರೇ ಮಾಡುತ್ತಿದ್ದಾರೆ ಎಂದಮೇಲೆ ಇದೂ ಕೆಲಸ ಮಾಡಲೇಬೇಕಲ್ಲ ಎಂದು ಕೊಳ್ಳುವವನಿಗೆ ಅನಿಸುವುದು ಸಹಜ. ‘ಎಂಜಿನ್‌ನಿಂದಲೇ ಕರೆಂಟ್ ಮಾಡಿ ಎಂಜಿನ್‌ಗೇ ಕೊಟ್ಟರೆ ಲಾಭ ಎಲ್ಲಿಂದ ಬರಬೇಕು, ಎಲ್ಲ ಬೊಗಳೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರೂ ಇದ್ದಾರೆ. ನನ್ನ ಪ್ರಕಾರ ಎರಡೂ ಕಡೆಯವರು ಲೆಕ್ಕ ಹಾಕಿಲ್ಲ. ಕಂಪ್ರೆಸರ್ ತಿರುಗಿಸಲು ಎಷ್ಟು ಕಿಲೋವ್ಯಾಟ್ ಬೇಕು, ಎಷ್ಟು ಸೆಕೆಂಡ್ ಬೇಕು, ಅಷ್ಟು ವಿದ್ಯುತ್ ಗಾಡಿಯ ಯಾವ ಮೂಲೆಯಿಂದ ಬರುತ್ತದೆ ಎಂಬುದು ಗೊತ್ತಾದರೆ ಯಾವುದು ಕೆಲಸದ್ದು, ಯಾವುದು ಆಟಿಕೆ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಗಾಳಿಯ ಲೆಕ್ಕ

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಹೆಚ್ಚು ಚಿಮ್ಮಿಸುವುದು ದೊಡ್ಡ ವಿಷಯವಲ್ಲ, ದೊಡ್ಡ ಇಂಜೆಕ್ಟರ್ ಹಾಕಿದರೆ ಮುಗಿಯಿತು. ಗಾಳಿಯನ್ನು ಹೆಚ್ಚು ತುಂಬುವುದೇ ಕಷ್ಟ. ಪಿಸ್ಟನ್ ಕೆಳಗಿಳಿಯುವಾಗ ಸಿಲಿಂಡರಿನಲ್ಲಿ ಎಷ್ಟು ಜಾಗವಾಗುತ್ತದೋ ಅಷ್ಟೇ ಗಾಳಿ ಒಳಗೆ ಬರುತ್ತದೆ. ವಾಸ್ತವದಲ್ಲಿ ಅದಕ್ಕಿಂತ ತುಸು ಕಡಿಮೆಯೇ. ಎಂಜಿನ್‌ನ ಶಕ್ತಿಗೆ ಮಿತಿ ಹಾಕುವುದು ಇದೇ. ಸೂಪರ್‌ಚಾರ್ಜರ್ ಆಗಲಿ ಟರ್ಬೊ ಆಗಲಿ, ಗಾಳಿಯನ್ನು ಒತ್ತಿ ಅದೇ ಜಾಗದಲ್ಲಿ ಹೆಚ್ಚು ತುಂಬುತ್ತದೆ. ಸೂಪರ್‌ಚಾರ್ಜರ್ ಎಂಜಿನ್‌ನ ಬೆಲ್ಟಿನಿಂದ ತಿರುಗುತ್ತದೆ, ಟರ್ಬೊ ಹೊರಹೋಗುವ ಹೊಗೆಯ ರಭಸದಿಂದ. ಎಲೆಕ್ಟ್ರಿಕ್ ಸೂಪರ್‌ಚಾರ್ಜರ್‌ಗೆ ಎರಡೂ ಬೇಡ, ಮೋಟರ್ ಸಾಕು.

ನಮ್ಮ ಊರುಗಳಲ್ಲಿ ಎಲ್ಲೆಂದರಲ್ಲಿ ಕಾಣುವ, ಟರ್ಬೊ ಇಲ್ಲದ 1.2 ಲೀಟರಿನ ಪೆಟ್ರೋಲ್ ಕಾರನ್ನೇ ತೆಗೆದುಕೊಳ್ಳೋಣ. ಶಕ್ತಿ 80ರಿಂದ 90 ಅಶ್ವಶಕ್ತಿ, ಅಂದರೆ ಸುಮಾರು 60 ಕಿಲೋವ್ಯಾಟ್. ಫೋರ್-ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉಸಿರೆಳೆದುಕೊಳ್ಳುತ್ತದೆ. 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3600 ಲೀಟರ್, ಸೆಕೆಂಡಿಗೆ 60 ಲೀಟರ್. ಸಿಲಿಂಡರ್ ಪೂರ್ತಿ ತುಂಬದೆ ಹೋಗುವ ನಷ್ಟವನ್ನು ಕಳೆದರೆ ಸುಮಾರು 50 ಲೀಟರ್. ತೂಕದಲ್ಲಿ ಇದು ಸೆಕೆಂಡಿಗೆ 60 ಗ್ರಾಂ ಗಾಳಿ. ಇದನ್ನು 80 ಗ್ರಾಂಗೆ ಏರಿಸಿದರೆ, ಅಂದರೆ ಮೂರನೇ ಒಂದು ಪಾಲು ಹೆಚ್ಚಿಸಿದರೆ, ಹೆಚ್ಚುಕಡಿಮೆ ಅದೇ ಅನುಪಾತದಲ್ಲಿ ಶಕ್ತಿಯೂ ಏರುತ್ತದೆ: ಸುಮಾರು 20 ಕಿಲೋವ್ಯಾಟ್. 900 ಸಿಸಿಯಿಂದ 1200 ಸಿಸಿಯ ಕೆಲಸ ತೆಗೆಯುವುದು ಎಂದರೂ ಇದೇ ಮೂರನೇ ಒಂದರ ಏರಿಕೆ.

ಆ ಹೆಚ್ಚುವರಿ 20 ಗ್ರಾಂ ತುಂಬಲು ಎಂಜಿನ್‌ಗೆ ಹೋಗುವ ಎಲ್ಲ ಗಾಳಿಯನ್ನೂ ವಾತಾವರಣದ ಒಂದೂವರೆ ಪಟ್ಟು ಒತ್ತಡಕ್ಕೆ ಏರಿಸಬೇಕು. ಒತ್ತಿದ ಗಾಳಿ ಕಾಯುತ್ತದೆ. ಕಂಪ್ರೆಸರಿನ ದಕ್ಷತೆ 65 ಶೇಕಡಾ ಎಂದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಒಳಬಂದ ಗಾಳಿ 87 ಡಿಗ್ರಿಯಾಗಿ ಹೊರಬರುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ಒತ್ತಡ 50 ಶೇಕಡಾ ಏರಿದರೂ ತೂಕ ಏರುವುದು ಸುಮಾರು 26 ಶೇಕಡಾ ಮಾತ್ರ. ಇಂಟರ್‌ಕೂಲರ್ ಹಾಕಿ ತಣಿಸಿದ ಮೇಲೆ ಮೂರನೇ ಒಂದು ಪಾಲಿನ ಏರಿಕೆ ಸಿಗುತ್ತದೆ. ಈ ಕೆಲಸಕ್ಕೆ ಕಂಪ್ರೆಸರಿನ ಶಾಫ್ಟಿಗೆ ಬೇಕಾದ ಶಕ್ತಿ ಸುಮಾರು 4.6 ಕಿಲೋವ್ಯಾಟ್. ಮೋಟರ್ ಮತ್ತು ಅದರ ಎಲೆಕ್ಟ್ರಾನಿಕ್ಸ್‌ನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 5.4 ಕಿಲೋವ್ಯಾಟ್ ಎಳೆಯಬೇಕು.

ಈ 5.4 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಅದರ ಸುತ್ತಲೇ ಇದೆ.

ಪೈಪಿನೊಳಗಿನ ಫ್ಯಾನ್

ಈಗ ಕೆಲವು ಸಾವಿರ ರೂಪಾಯಿಯ ಸಾಧನಕ್ಕೆ ಬರೋಣ. ಬಿಚ್ಚಿ ನೋಡಿದರೆ ಒಳಗಿರುವುದು ದುಂಡನೆಯ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಕವಚ, ಎಸಿ ಬ್ಲೋವರಿನಂಥದೇ ಒಂದು ಚಿಕ್ಕ ಡಿಸಿ ಮೋಟರ್, ಮೂತಿಗೆ ನಾಲ್ಕೈದು ರೆಕ್ಕೆಯ ಫ್ಯಾನ್. ವೈರಿನ ದಪ್ಪ ನೋಡಿದರೇ ಕರೆಂಟ್ ಎಷ್ಟು ಹರಿಯಬಹುದು ಎಂದು ಗೊತ್ತಾಗುತ್ತದೆ. ಹೆಡ್‌ಲೈಟಿಗೆ ಎಳೆಯುವಂಥ ತೆಳು ವೈರು. 12 ವೋಲ್ಟಿನಲ್ಲಿ 5 ಆಂಪಿಯರ್ ಎಂದರೆ 60 ವ್ಯಾಟ್. ಬೇಕಾದದ್ದು 5400 ವ್ಯಾಟ್, ಇರುವುದು 60.

60 ವ್ಯಾಟಿನ ಫ್ಯಾನ್ ಸೆಕೆಂಡಿಗೆ 50 ಲೀಟರ್ ಗಾಳಿಯ ಹರಿವಿನಲ್ಲಿ ಎಷ್ಟು ಒತ್ತಡ ಏರಿಸಬಲ್ಲದು? ಫ್ಯಾನಿನ ದಕ್ಷತೆ 40 ಶೇಕಡಾ ಎಂದು ಉದಾರವಾಗಿ ಹಿಡಿದರೂ ಸುಮಾರು 480 ಪಾಸ್ಕಲ್. ವಾತಾವರಣದ ಒತ್ತಡ 1,01,325 ಪಾಸ್ಕಲ್. ಅಂದರೆ ಏರಿಕೆ ಅರ್ಧ ಶೇಕಡಾಕ್ಕೂ ತುಸು ಕಡಿಮೆ. 83 ಅಶ್ವಶಕ್ತಿಯ ಎಂಜಿನ್‌ನಲ್ಲಿ ಅರ್ಧ ಅಶ್ವಶಕ್ತಿಯೂ ಇಲ್ಲ.

ಇದನ್ನು ನಮ್ಮ ನೆಲದ ಮೇಲೆ ಅಳೆದು ನೋಡಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಕಡಲತೀರಕ್ಕೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಸುಮಾರು 10 ಶೇಕಡಾ ಕಡಿಮೆ. ಟರ್ಬೊ ಇಲ್ಲದ ಕಾರು ಮಂಗಳೂರಿನಲ್ಲಿ ಕೊಡುವ ಶಕ್ತಿಯನ್ನು ಬೆಂಗಳೂರಿನಲ್ಲಿ ಕೊಡಲಾರದು; ಮುಳ್ಳಯ್ಯನಗಿರಿಯ ಹಾದಿಯಲ್ಲಿ ಇನ್ನೂ ಬಳಲುತ್ತದೆ, ಅದರ ತುದಿಯಲ್ಲಿ ಒತ್ತಡ ಕಡಲತೀರದ ಐದನೇ ನಾಲ್ಕು ಪಾಲಿನಷ್ಟೇ. ಪೈಪಿನೊಳಗಿನ ಆ ಫ್ಯಾನ್ ಮಾಡಿಕೊಡುವ 480 ಪಾಸ್ಕಲ್, ಬೆಂಗಳೂರಿನಲ್ಲಿ ಹದಿನೈದು ಅಂತಸ್ತಿನ ಕಟ್ಟಡದ ತಾರಸಿಯಿಂದ ಕಾರನ್ನು ಕೆಳಗಿನ ರಸ್ತೆಗೆ ಇಳಿಸಿದಾಗ ಸಿಗುವ ಲಾಭಕ್ಕೆ ಸಮ.

ಹರಿವಿನ ವಿಷಯದಲ್ಲಿ ಇನ್ನೊಂದು ಮೋಸವಿದೆ. ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ ತಳ್ಳುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿರುತ್ತಾರೆ. ಎದುರಿಗೆ ಯಾವ ಅಡೆತಡೆಯೂ ಇಲ್ಲದೆ ಬಯಲಿಗೆ ಗಾಳಿ ಬೀಸಿದಾಗಿನ ಅಂಕಿ ಅದು. ಒತ್ತಡ ಏರತೊಡಗಿದಂತೆ ಫ್ಯಾನಿನ ಹರಿವು ಕುಸಿಯುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಎಂಜಿನ್ ಜೋರಾಗಿ ಉಸಿರೆಳೆಯುವಾಗ ಫ್ಯಾನಿನ ರೆಕ್ಕೆಗಳೇ ಅಡ್ಡವಾಗಿ, ಇದ್ದ ಶಕ್ತಿಯೂ ಇಳಿಯುವ ಸಾಧ್ಯತೆ ಹೆಚ್ಚು. ರೆಕ್ಕೆ ಮುರಿದರೆ ಅದರ ಚೂರು ಹೋಗುವುದೂ ಎಂಜಿನ್ ಕಡೆಗೇ. ಏರ್ ಫಿಲ್ಟರ್ ದಾಟಿದ ಮೇಲೆ ತಡೆಯುವವರು ಯಾರೂ ಇಲ್ಲ.

ಮೈಲೇಜಿನ ಮಾತಂತೂ ಬುಡವಿಲ್ಲದ್ದು. ದಿನನಿತ್ಯದ ಓಡಾಟದಲ್ಲಿ ನಾವು ಆಕ್ಸಿಲರೇಟರನ್ನು ಪೂರ್ತಿ ತುಳಿಯುವುದು ಅಪರೂಪ. ಥ್ರಾಟಲ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಕವಾಟ, ಅರ್ಧಕ್ಕಿಂತ ಹೆಚ್ಚು ಮುಚ್ಚಿಯೇ ಇರುತ್ತದೆ, ಅದರ ಹಿಂದೆ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಒತ್ತಡ ಎಷ್ಟೋ ಸಲ ವಾತಾವರಣದ ಅರ್ಧದಷ್ಟೂ ಇರುವುದಿಲ್ಲ. ಬಾಗಿಲು ಮುಚ್ಚಿಟ್ಟು ಹೊರಗೆ ಗಾಳಿ ಬೀಸಿ ಏನು ಪ್ರಯೋಜನ? ಒಳಗೆ ಹೆಚ್ಚು ಗಾಳಿ ಬಂತು ಎಂದೇ ಇಟ್ಟುಕೊಳ್ಳಿ, ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅದಕ್ಕೆ ತಕ್ಕ ಪೆಟ್ರೋಲನ್ನೂ ಸೇರಿಸುತ್ತದೆ.

ಹಾಗಾದರೆ ಅಸಾಧ್ಯವೇ?

ಅಸಾಧ್ಯ ಎನ್ನುವವರ ವಾದ ಹೀಗಿದೆ: ಕರೆಂಟ್ ಬರುವುದು ಆಲ್ಟರ್ನೇಟರಿನಿಂದ, ಆಲ್ಟರ್ನೇಟರ್ ತಿರುಗುವುದು ಎಂಜಿನ್‌ನಿಂದ, ನಡುವೆ ನಷ್ಟ ಬೇರೆ, ಆದ್ದರಿಂದ ಕೈಗೆ ಸಿಗುವುದು ಸೊನ್ನೆಗಿಂತ ಕಡಿಮೆ. ಕೇಳಲು ಸರಿಯೆನಿಸುತ್ತದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಆಲ್ಟರ್ನೇಟರಿನ ದಕ್ಷತೆ 60 ಶೇಕಡಾ ಎಂದರೂ 5.4 ಕಿಲೋವ್ಯಾಟ್ ವಿದ್ಯುತ್ತಿಗೆ ಎಂಜಿನ್ ತೆರಬೇಕಾದದ್ದು 9 ಕಿಲೋವ್ಯಾಟ್. ಬದಲಿಗೆ ಸಿಗುವುದು 20. ಹೆಚ್ಚುವರಿ ಶಕ್ತಿ ಹುಟ್ಟುವುದು ಬ್ಯಾಟರಿಯಲ್ಲಿ ಅಲ್ಲವಲ್ಲ, ಹೆಚ್ಚು ಗಾಳಿಯ ಜೊತೆ ಉರಿಯುವ ಹೆಚ್ಚು ಪೆಟ್ರೋಲಿನಲ್ಲಿ. ಭೌತಶಾಸ್ತ್ರದ ಯಾವ ನಿಯಮವೂ ಮುರಿಯುವುದಿಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ. ಚಿಕ್ಕ ಕಾರಿನ ಆಲ್ಟರ್ನೇಟರ್ ಸಾಮಾನ್ಯವಾಗಿ 70ರಿಂದ 90 ಆಂಪಿಯರಿನದು; 14 ವೋಲ್ಟಿನಲ್ಲಿ ಸುಮಾರು ಒಂದು ಕಿಲೋವ್ಯಾಟ್. ಇಸಿಯು, ಪೆಟ್ರೋಲ್ ಪಂಪ್, ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್, ಎಸಿ ಬ್ಲೋವರ್ ಎಲ್ಲವೂ ಅದರಲ್ಲೇ ಬದುಕಬೇಕು. ಉಳಿದದ್ದನ್ನು ಬ್ಯಾಟರಿ ಕೊಡಬೇಕು. ಅಲ್ಲಿ ಸೋಜಿಗದ ಒಂದು ಸಂಗತಿ ಎದುರಾಗುತ್ತದೆ. ಓವರ್‌ಟೇಕ್ ಮಾಡಲು ಐದು ಸೆಕೆಂಡ್ ಸಾಕು. ಐದು ಸೆಕೆಂಡಿಗೆ 5.4 ಕಿಲೋವ್ಯಾಟ್ ಎಂದರೆ ಏಳೂವರೆ ವ್ಯಾಟ್-ಅವರ್. 45 ಆಂಪಿಯರ್-ಅವರಿನ ಸಾಧಾರಣ ಕಾರ್ ಬ್ಯಾಟರಿಯಲ್ಲಿ 540 ವ್ಯಾಟ್-ಅವರ್ ಇದೆ. ದಾಸ್ತಾನಿಗೆ ಕೊರತೆಯೇ ಇಲ್ಲ. ಒಂದೇ ಏಟಿಗೆ ಹೊರತೆಗೆಯುವುದು ಕಷ್ಟ.

12 ವೋಲ್ಟಿನಲ್ಲಿ 5.4 ಕಿಲೋವ್ಯಾಟ್ ಎಂದರೆ 450 ಆಂಪಿಯರ್. ಕೀ ತಿರುಗಿಸಿದಾಗ ಸ್ಟಾರ್ಟರ್ ಮೋಟರ್ ಎಳೆಯುವುದು ಇದರ ಅರ್ಧಕ್ಕೂ ಕಡಿಮೆ, ಅದೂ ಒಂದೆರಡು ಸೆಕೆಂಡು. ಆಗಲೇ ಒಳಗಿನ ಲೈಟು ಮಂಕಾಗುವುದನ್ನು ನೋಡಿರುತ್ತೀರಿ. ದಪ್ಪ ಕೇಬಲ್ ಹಾಕಿ, ಎಲ್ಲ ಜಾಯಿಂಟ್ ಬಿಗಿ ಮಾಡಿ, ಒಟ್ಟು ಪ್ರತಿರೋಧವನ್ನು ಎರಡು ಮಿಲಿ-ಓಮಿಗೆ ಇಳಿಸಿದಿರಿ ಎನ್ನೋಣ. 450 ಆಂಪಿಯರಿಗೆ ಆ ಕೇಬಲಿನಲ್ಲೇ 400 ವ್ಯಾಟ್ ಬಿಸಿಯಾಗಿ ಹೋಗುತ್ತದೆ, ಸುಮಾರು ಒಂದು ವೋಲ್ಟ್ ಕುಸಿಯುತ್ತದೆ. ಬ್ಯಾಟರಿಯ ಒಳ ಪ್ರತಿರೋಧದಲ್ಲಿ ಇನ್ನೂ ಮೂರು ವೋಲ್ಟ್. ಮೋಟರಿಗೆ ತಲುಪುವಾಗ 12 ಹೋಗಿ ಸುಮಾರು ಎಂಟು ಆಗಿರುತ್ತದೆ, ಅಲ್ಲಿಗೆ ಮೋಟರಿನ ವೇಗವೂ ಬಿತ್ತು. ಅಪಾಯವಿರುವುದು ಇಲ್ಲೇ. ವೋಲ್ಟೇಜ್ ಕುಸಿದರೆ ವಿದ್ಯುತ್ ಪವರ್ ಸ್ಟಿಯರಿಂಗ್ ತನ್ನ ನೆರವನ್ನು ಕಡಿತಗೊಳಿಸುತ್ತದೆ. ಲಾರಿಯನ್ನು ದಾಟಲು ಬಲಕ್ಕೆ ತಿರುಗಿಸುವ ಹೊತ್ತಿನಲ್ಲಿ ಸ್ಟಿಯರಿಂಗ್ ಭಾರವಾಗುವುದು ಯಾರಿಗೂ ಬೇಡದ ಅನುಭವ.

ಇದೇ 5.4 ಕಿಲೋವ್ಯಾಟನ್ನು 48 ವೋಲ್ಟಿನಲ್ಲಿ ಕೊಟ್ಟು ನೋಡಿ. ಕರೆಂಟ್ 113 ಆಂಪಿಯರಿಗೆ ಇಳಿಯಿತು. ಅದೇ ಕೇಬಲಿನಲ್ಲಿ ನಷ್ಟ 400 ವ್ಯಾಟಿನಿಂದ 25 ವ್ಯಾಟಿಗೆ, ಹದಿನಾರನೇ ಒಂದಕ್ಕೆ ಬಿತ್ತು. ವಾಹನ ಕಂಪನಿಗಳು ಎಲೆಕ್ಟ್ರಿಕ್ ಕಂಪ್ರೆಸರನ್ನು ಕೈಗೆತ್ತಿಕೊಂಡದ್ದು 48 ವೋಲ್ಟ್ ವ್ಯವಸ್ಥೆ ಬಂದಮೇಲೆಯೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕಾಲು ಸೆಕೆಂಡಿನ ಕೆಲಸ

2016ರಲ್ಲಿ ಬಂದ ಆಡಿ ಎಸ್‌ಕ್ಯೂ7 ಟಿಡಿಐ ಈ ತಂತ್ರಜ್ಞಾನವನ್ನು ಮಾರುಕಟ್ಟೆಗೆ ತಂದ ಮೊದಲ ಕಾರು. ನಾಲ್ಕು ಲೀಟರಿನ ವಿ8 ಡೀಸೆಲ್ ಎಂಜಿನ್, ಎರಡು ಟರ್ಬೊ, ಜೊತೆಗೆ ಫ್ರಾನ್ಸಿನ ವಾಲಿಯೊ ಕಂಪನಿಯ ಎಲೆಕ್ಟ್ರಿಕ್ ಕಂಪ್ರೆಸರ್. ಕಂಪ್ರೆಸರಿನ ಮೋಟರ್ 7 ಕಿಲೋವ್ಯಾಟ್. ಅದಕ್ಕೆಂದೇ 470 ವ್ಯಾಟ್-ಅವರಿನ, 13 ಕಿಲೋವ್ಯಾಟ್ ವರೆಗೆ ಕೊಡಬಲ್ಲ 48 ವೋಲ್ಟಿನ ಲಿಥಿಯಂ ಬ್ಯಾಟರಿ. ಆ ಬ್ಯಾಟರಿಯ ಅಳತೆ ಗಮನಿಸಿ: ದಾಸ್ತಾನು ನಮ್ಮ ಸಾಧಾರಣ ಕಾರ್ ಬ್ಯಾಟರಿಗಿಂತ ಕಡಿಮೆ, ಒಮ್ಮೆಗೆ ಕೊಡುವ ಶಕ್ತಿ ಮಾತ್ರ ಹಲವು ಪಟ್ಟು.

ಆಡಿಯ ಎಂಜಿನಿಯರುಗಳು ಇದನ್ನು ಎಲ್ಲಿ ಬಳಸಿದರು ಎಂಬುದನ್ನು ಹತ್ತಿರದಿಂದ ನೋಡಬೇಕು. ಸಿಗ್ನಲ್ಲಿನಲ್ಲಿ ನಿಂತ ಕಾರಿನ ಆಕ್ಸಿಲರೇಟರ್ ತುಳಿದಾಗ ಎಂಜಿನ್ ಇನ್ನೂ 1000 ಆರ್‌ಪಿಎಂ ಆಸುಪಾಸಿನಲ್ಲಿರುತ್ತದೆ. ಹೊಗೆಯಲ್ಲಿ ರಭಸವಿಲ್ಲ, ಟರ್ಬೊ ತಿರುಗುವುದಿಲ್ಲ. ಟರ್ಬೊ ಕಾರು ಓಡಿಸುವವರಿಗೆಲ್ಲ ಗೊತ್ತಿರುವ ‘ಲ್ಯಾಗ್’ ಇದು. ಆ ಗಳಿಗೆಯಲ್ಲಿ ಕಂಪ್ರೆಸರ್ ಕಾಲು ಸೆಕೆಂಡಿನೊಳಗೆ 70,000 ಆರ್‌ಪಿಎಂಗೆ ಏರಿ ಇಂಟರ್‌ಕೂಲರ್ ದಾಟಿ ಬಂದ ಗಾಳಿಯನ್ನು ಎಂಜಿನ್‌ಗೆ ತಳ್ಳುತ್ತದೆ. ಹೆಚ್ಚು ಗಾಳಿ ಬಂತು, ಹೆಚ್ಚು ಡೀಸೆಲ್ ಉರಿಯಿತು, ಹೊಗೆಗೆ ರಭಸ ಬಂತು, ಟರ್ಬೊ ಎಚ್ಚೆತ್ತಿತು. ಟರ್ಬೊ ಕೆಲಸ ವಹಿಸಿಕೊಂಡ ಕೂಡಲೇ ಬೈಪಾಸ್ ಕವಾಟ ತೆರೆದುಕೊಂಡು ಕಂಪ್ರೆಸರ್ ಪಕ್ಕಕ್ಕೆ ಸರಿಯುತ್ತದೆ. 900 ನ್ಯೂಟನ್ ಮೀಟರಿನ ಪೂರ್ಣ ಟಾರ್ಕ್ (ತಿರುಗಿಸುವ ಬಲ) 1000 ಆರ್‌ಪಿಎಂನಿಂದಲೇ ಸಿಗುತ್ತಿದ್ದುದು ಇದರಿಂದ. ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಕುಡಿಯುವ ಗಾಳಿಯೂ ಕಡಿಮೆ. ನಮ್ಮ 1.2 ಲೀಟರ್ ಎಂಜಿನ್‌ನ ಲೆಕ್ಕದಲ್ಲೇ 6000ಕ್ಕೆ 5.4 ಕಿಲೋವ್ಯಾಟ್ ಬೇಕಾದರೆ 2000ಕ್ಕೆ ಎರಡು ಕಿಲೋವ್ಯಾಟ್ ಸಾಕು. ವಿದ್ಯುತ್ತಿನ ಖರ್ಚು ಎಲ್ಲಿ ಅತಿ ಕಡಿಮೆಯೋ, ಟರ್ಬೊ ಎಲ್ಲಿ ಅತಿ ದುರ್ಬಲವೋ, ಅಲ್ಲಿ ಮಾತ್ರ ಎಲೆಕ್ಟ್ರಿಕ್ ಕಂಪ್ರೆಸರ್ ಬಳಸಿದ ಜಾಣತನ ನನಗೆ ಬಹಳ ಮೆಚ್ಚುಗೆಯದು.

ಟಾಪ್ ಸ್ಪೀಡಿಗೆ, ನಿರಂತರ ಶಕ್ತಿಗೆ ಇದು ಹೊಂದುವುದಿಲ್ಲ. ಕಾರಣ ಸರಳ. ಎಂಜಿನ್ ಪೂರ್ಣ ವೇಗದಲ್ಲಿರುವಾಗ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ನಮ್ಮ 60 ಕಿಲೋವ್ಯಾಟಿನ ಎಂಜಿನ್‌ನಲ್ಲೇ ಅದು 70 ಕಿಲೋವ್ಯಾಟಿನಷ್ಟು. ಅಷ್ಟೊಂದು ಪುಕ್ಕಟೆ ಹರಿದುಹೋಗುವಾಗ 4.6 ಕಿಲೋವ್ಯಾಟನ್ನು ಟರ್ಬೊ ಮೂಲಕ ಅಲ್ಲಿಂದ ತೆಗೆದುಕೊಳ್ಳದೆ ಆಲ್ಟರ್ನೇಟರ್, ಬ್ಯಾಟರಿ, ಇನ್ವರ್ಟರ್, ಮೋಟರ್ ಎಂಬ ಸುತ್ತುದಾರಿಯಲ್ಲಿ 9 ಕಿಲೋವ್ಯಾಟ್ ಖರ್ಚು ಮಾಡಿ ತರುವುದರಲ್ಲಿ ಅರ್ಥವಿಲ್ಲ.

ಆಡಿಯ ಬೆನ್ನಿಗೆ ಮರ್ಸಿಡಿಸ್ ತನ್ನ ಮೂರು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್‌ಗೆ ಇಂಥದೇ ಕಂಪ್ರೆಸರ್ ಹಾಕಿತು. ಎಎಂಜಿ ಜಿಎಲ್‌ಇ 53 ಭಾರತದಲ್ಲೂ ಮಾರಾಟಕ್ಕೆ ಬಂತು. ಟಾಟಾ ಸಮೂಹದ ಜಾಗ್ವಾರ್ ಲ್ಯಾಂಡ್ ರೋವರ್ 2019ರಲ್ಲಿ ರೇಂಜ್ ರೋವರ್ ಸ್ಪೋರ್ಟ್ ಎಚ್‌ಎಸ್‌ಟಿಯಲ್ಲಿ ಟರ್ಬೊ ಜೊತೆ 48 ವೋಲ್ಟಿನ ಎಲೆಕ್ಟ್ರಿಕ್ ಸೂಪರ್‌ಚಾರ್ಜರ್ ಕೊಟ್ಟಿತು, ಅದೇ ಎಂಜಿನ್ ಡಿಫೆಂಡರ್ ಪಿ400ಕ್ಕೂ ಬಂತು. ಕಾರು ಎಲ್ಲವೂ ದುಬಾರಿ ವರ್ಗದ್ದು. ಯಾವುದರಲ್ಲೂ ಎಲೆಕ್ಟ್ರಿಕ್ ಕಂಪ್ರೆಸರ್ ಒಂಟಿಯಾಗಿಲ್ಲ, ಪಕ್ಕದಲ್ಲಿ ಟರ್ಬೊ ಇದ್ದೇ ಇದೆ.

ಮುಂದಿನ ಹೆಜ್ಜೆ ಇನ್ನೂ ಸೊಗಸಾದದ್ದು: ಪ್ರತ್ಯೇಕ ಕಂಪ್ರೆಸರ್ ಬಿಟ್ಟು ಟರ್ಬೊದ ಶಾಫ್ಟಿಗೇ ಮೋಟರ್ ಕೂರಿಸುವುದು. 2014ರಿಂದ 2025ರವರೆಗೆ ಫಾರ್ಮುಲಾ ಒನ್ ಕಾರುಗಳಲ್ಲಿ ಇದ್ದದ್ದು ಇದೇ. ಲ್ಯಾಗ್ ಹೊತ್ತಿನಲ್ಲಿ ಮೋಟರ್ ಟರ್ಬೊವನ್ನು ತಿರುಗಿಸುತ್ತದೆ, ಹೊಗೆ ಹೆಚ್ಚಾದಾಗ ಅದೇ ಮೋಟರ್ ಜನರೇಟರ್ ಆಗಿ ವಿದ್ಯುತ್ ಮಾಡುತ್ತದೆ. 2026ರ ನಿಯಮಗಳಲ್ಲಿ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಅದು ರಸ್ತೆಗೆ ಇಳಿದಾಗಿತ್ತು. 2022ರ ಮರ್ಸಿಡಿಸ್-ಎಎಂಜಿ ಸಿ 43ರಲ್ಲಿ ಟರ್ಬೈನ್ ಮತ್ತು ಕಂಪ್ರೆಸರ್ ನಡುವೆ ಬರೀ 4 ಸೆಂಟಿಮೀಟರ್ ದಪ್ಪದ ಮೋಟರ್ ಇದೆ. 2024ರ ಪೋರ್ಶೆ 911 ಜಿಟಿಎಸ್ ತನ್ನ ಎರಡು ಟರ್ಬೊ ಬಿಟ್ಟು ಒಂದೇ ಎಲೆಕ್ಟ್ರಿಕ್ ಟರ್ಬೊಗೆ ಬಂತು; ಹೊಗೆಯಿಂದ 11 ಕಿಲೋವ್ಯಾಟ್ ವರೆಗೆ ವಿದ್ಯುತ್ತನ್ನೂ ತೆಗೆಯುತ್ತದೆ.

ಮೋಟರನ್ನು ಚಕ್ರಕ್ಕೇ ಕೊಟ್ಟರೆ?

ಇಲ್ಲೊಂದು ಗಟ್ಟಿ ಪ್ರಶ್ನೆ ಏಳುತ್ತದೆ. 48 ವೋಲ್ಟಿನ ಬ್ಯಾಟರಿ, ಮೋಟರ್, ಇನ್ವರ್ಟರ್ ಎಲ್ಲ ಹಾಕಿದ ಮೇಲೆ ಅದೇ ಶಕ್ತಿಯನ್ನು ನೇರವಾಗಿ ಚಕ್ರಕ್ಕೆ ಕೊಟ್ಟರೆ ಆಗದೇ? ಚಿಕ್ಕ ಬ್ಯಾಟರಿ ಇದ್ದಾಗ ಉತ್ತರ ಕಂಪ್ರೆಸರಿನ ಪರ. 5.4 ಕಿಲೋವ್ಯಾಟನ್ನು ಚಕ್ರಕ್ಕೆ ಕೊಟ್ಟರೆ ಸಿಗುವುದು 5 ಕಿಲೋವ್ಯಾಟ್. ಕಂಪ್ರೆಸರಿಗೆ ಕೊಟ್ಟರೆ ಎಂಜಿನ್ ಅದನ್ನು 20 ಮಾಡಿ ಕೊಡುತ್ತದೆ. ಬ್ಯಾಟರಿ ದೊಡ್ಡದಾದ ಕೂಡಲೇ ಈ ಲೆಕ್ಕ ಮಗುಚಿಬೀಳುತ್ತದೆ. ಗ್ರ್ಯಾಂಡ್ ವಿಟಾರಾ, ಹೈರೈಡರ್ ಕಾರುಗಳ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಮೋಟರ್ ಒಂದೇ 80 ಅಶ್ವಶಕ್ತಿಯದು. ನಿಂತಲ್ಲಿಂದಲೇ ಟಾರ್ಕ್ ಸಿಗುತ್ತದೆ, ಬ್ರೇಕ್ ಹಾಕಿದಾಗ ಶಕ್ತಿ ವಾಪಸ್ ಬರುತ್ತದೆ, ಇಂಧನ ಸಮಯಕ್ಕೆ ಮುಂಚೆ ಸಿಡಿಯುವ ನಾಕಿಂಗ್ ಕಾಟವಿಲ್ಲ, ಇಂಟರ್‌ಕೂಲರ್ ಬೇಡ. ಅಂಥ ಕಾರಿನಲ್ಲಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಉಸಾಬರಿ ಯಾರಿಗೂ ಬೇಕಿಲ್ಲ. ಹಾಗಾಗಿ ಎಲೆಕ್ಟ್ರಿಕ್ ಕಂಪ್ರೆಸರಿಗೆ ಕಾರುಗಳಲ್ಲಿ ಇರುವ ಜಾಗ ಇಕ್ಕಟ್ಟಿನದು: ಮಾಮೂಲಿ 12 ವೋಲ್ಟಿಗಿಂತ ಮೇಲೆ, ಪೂರ್ಣ ಹೈಬ್ರಿಡ್‌ಗಿಂತ ಕೆಳಗೆ. ಆಡಿಯೇ 2020ರಲ್ಲಿ ಎಸ್‌ಕ್ಯೂ7ನ ಡೀಸೆಲ್ ಎಂಜಿನ್ ಬಿಟ್ಟು ವಿ8 ಪೆಟ್ರೋಲ್‌ಗೆ ಹೋದಾಗ ಎಲೆಕ್ಟ್ರಿಕ್ ಕಂಪ್ರೆಸರ್ ಇರಲಿಲ್ಲ.

ಬೈಕಿನ ಕತೆ ಬೇರೆ. ಬೈಕಿನಲ್ಲಿ ದೊಡ್ಡ ಬ್ಯಾಟರಿಗೆ ಜಾಗವಿಲ್ಲ, ತೂಕವೂ ತಡೆಯುವುದಿಲ್ಲ. ಟರ್ಬೊಗೆ ಬೇಕಾದ ಕೆಂಪಗೆ ಕಾಯುವ ಪೈಪುಗಳನ್ನು ಸವಾರನ ಮೊಣಕಾಲಿನ ಪಕ್ಕ ಹಾಯಿಸಬೇಕು. ಎಂಬತ್ತರ ದಶಕದಲ್ಲಿ ಜಪಾನಿನ ನಾಲ್ಕೂ ಕಂಪನಿಗಳು ಟರ್ಬೊ ಬೈಕ್ ಮಾಡಿ ಕೈಬಿಟ್ಟವು; 1982ರ ಹೋಂಡಾ ಸಿಎಕ್ಸ್500 ಟರ್ಬೊ ಅವುಗಳಲ್ಲಿ ಮೊದಲಿನವುಗಳಲ್ಲೊಂದು. ತಿರುವಿನಲ್ಲಿ ಬಾಗಿರುವಾಗ ಟರ್ಬೊ ತಡವಾಗಿ ಎಚ್ಚೆತ್ತು ಒಮ್ಮೆಲೇ ಟಾರ್ಕ್ ಸುರಿದರೆ ಹಿಂದಿನ ಚಕ್ರ ಜಾರುತ್ತದೆ. 2015ರ ಕಾವಾಸಾಕಿ ಎಚ್2 ಬೈಕಿನ ಯಾಂತ್ರಿಕ ಸೂಪರ್‌ಚಾರ್ಜರ್‌ಗೆ ಲ್ಯಾಗ್ ಇಲ್ಲ, ಆದರೆ ಅದರ ವೇಗ ಎಂಜಿನ್‌ನ ವೇಗಕ್ಕೆ ಗಂಟುಬಿದ್ದಿದೆ. ಮೋಟರ್ ಇದ್ದರೆ ಆರ್‌ಪಿಎಂ ಎಷ್ಟೇ ಇರಲಿ, ಬೇಕಾದಷ್ಟು ಮಾತ್ರ ಗಾಳಿ ಕೊಡಬಹುದು. ತನ್ನ ವಿನ್ಯಾಸಕ್ಕೆ ಇಂಟರ್‌ಕೂಲರೂ ಬೇಡ ಎಂದು ಹೋಂಡಾ ಹೇಳಿದೆ. ಬೈಕ್ ಸವಾರ ಪೂರ್ಣ ಥ್ರಾಟಲ್ ಬಳಸುವುದೂ ಕೆಲವೇ ಸೆಕೆಂಡು. ಈ ತಂತ್ರಜ್ಞಾನಕ್ಕೆ ದೊಡ್ಡ ಬೈಕುಗಳಷ್ಟು ಒಪ್ಪುವ ಜಾಗ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ.

ನಮ್ಮ ಕಾರಿಗೆ?

ಭಾರತದ ಚಿಕ್ಕ ಕಾರಿನ ಅಳತೆ ನಿರ್ಧಾರವಾಗುವುದು ತೆರಿಗೆಯಿಂದ. 2025ರ ಸೆಪ್ಟೆಂಬರ್ 22ರ ನಂತರ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ 18 ಶೇಕಡಾ ಜಿಎಸ್‌ಟಿ, ಅದಕ್ಕಿಂತ ದೊಡ್ಡದಕ್ಕೆ 40. ಎಂಜಿನ್ ಚಿಕ್ಕದಾಗಿಯೇ ಇರಲಿ, ಶಕ್ತಿ ಹೆಚ್ಚಾಗಲಿ ಎಂಬ ಒತ್ತಡ ಬೇರೆ ದೇಶಗಳಿಗಿಂತ ಇಲ್ಲಿ ಜಾಸ್ತಿ. ಆ ಒತ್ತಡಕ್ಕೆ ಉತ್ತರವಾಗಿ ಸಾಧಾರಣ ಟರ್ಬೊ ಆಗಲೇ ಬಂದುಬಿಟ್ಟಿದೆ. ವೆನ್ಯೂ ಕಾರಿನ ಒಂದು ಲೀಟರ್ ಟರ್ಬೊ 120 ಅಶ್ವಶಕ್ತಿ, ನೆಕ್ಸಾನ್‌ನ 1.2 ಟರ್ಬೊ ಅಷ್ಟೇ, ಫ್ರಾಂಕ್ಸ್‌ನ ಒಂದು ಲೀಟರಿನದು 100. ಇವಕ್ಕೆ 48 ವೋಲ್ಟಿನ ಬ್ಯಾಟರಿ, ದೊಡ್ಡ ಜನರೇಟರ್, ಡಿಸಿ ಪರಿವರ್ತಕ, ಕಂಪ್ರೆಸರ್, ಬೈಪಾಸ್ ಕವಾಟ ಎಲ್ಲ ಸೇರಿಸಿದರೆ ಸಿಗುವುದು ಒಂದು ಸೆಕೆಂಡಿನ ಲ್ಯಾಗ್ ಮಾಯವಾಗುವ ಸುಖ. ಚಿಕ್ಕ ಕಾರು ಕೊಳ್ಳುವವರು ಅದಕ್ಕೆ ದುಡ್ಡು ಕೊಡುತ್ತಾರೆ ಎಂದು ನನಗನಿಸುವುದಿಲ್ಲ. 48 ವೋಲ್ಟ್ ನಮ್ಮಲ್ಲಿ ಹೆಕ್ಟರ್, ಫಾರ್ಚೂನರ್ ನಿಯೊ ಡ್ರೈವ್‌ನಂಥ ಕೆಲವೇ ಕಾರುಗಳಲ್ಲಿ ಕಾಣಿಸಿಕೊಂಡಿದೆ, ಅಲ್ಲೂ ಅದನ್ನು ಎಂಜಿನ್‌ಗೆ ಕೈಜೋಡಿಸಲು ಬಳಸಿದ್ದಾರೆ, ಗಾಳಿ ಒತ್ತಲು ಅಲ್ಲ.

ಹೊರಗಿನಿಂದ ಹಾಕಿಸುವ ವಿಷಯ. ಫ್ಯಾನ್ ಬಿಡಿ, ಪ್ರತ್ಯೇಕ ಬ್ಯಾಟರಿ ಕಟ್ಟಿಕೊಂಡು ಬರುವ, ಬ್ರಷ್‌ಲೆಸ್ ಮೋಟರಿನ ನಿಜವಾದ ಕಂಪ್ರೆಸರ್ ಕಿಟ್‌ಗಳೂ ವಿದೇಶಗಳಲ್ಲಿವೆ. ಕೆಲವು ಸೆಕೆಂಡು ಪೂರ್ಣ ಥ್ರಾಟಲ್, ಆಮೇಲೆ ಬ್ಯಾಟರಿ ತುಂಬುವವರೆಗೆ ಕಾಯಬೇಕು. ಡ್ರ್ಯಾಗ್ ರೇಸಿಗೆ ಸರಿ. ನಮ್ಮ ಕಾರಿಗೆ ಹಾಕುವ ಮುನ್ನ ಎಂಜಿನ್ ಒಳಗೆ ಏನಿದೆ ನೋಡಬೇಕು. ಮಾರುತಿಯ ಕೆ12ಎನ್ ಎಂಜಿನ್‌ನ ಕಂಪ್ರೆಷನ್ ಅನುಪಾತ 12:1. ಟರ್ಬೊ ಎಂಜಿನ್‌ಗಳನ್ನು ಇದಕ್ಕಿಂತ ಕಡಿಮೆ ಅನುಪಾತಕ್ಕೆ ಮಾಡುವುದು ಸುಮ್ಮನೆ ಅಲ್ಲ. ಮೊದಲೇ ಒತ್ತಿದ ಬಿಸಿ ಗಾಳಿಯನ್ನು ಇನ್ನೂ ಹನ್ನೆರಡು ಪಟ್ಟು ಒತ್ತಿದರೆ ಪೆಟ್ರೋಲ್ ಸಮಯಕ್ಕೆ ಮುಂಚೆಯೇ ಸಿಡಿದು ಪಿಸ್ಟನ್ ಹಾಳಾಗುತ್ತದೆ. ಇಸಿಯು ಅಪಾಯ ಅರಿತು ಇಗ್ನಿಷನ್ ಕಿಡಿಯನ್ನು ತಡಮಾಡಿದರೆ ಪಿಸ್ಟನ್ ಉಳಿಯಬಹುದು, ಗಳಿಸಿದ ಶಕ್ತಿ ಉಳಿಯುವುದಿಲ್ಲ.

ಕಾನೂನೂ ನಿಮ್ಮ ಪರವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ವಾರಂಟಿ, ಇನ್ಶೂರೆನ್ಸ್ ಕ್ಲೇಮಿಗೂ ತೊಡಕು.

ಇಷ್ಟಾದ ಮೇಲೂ ಯಾರಾದರೂ ‘ನಾನು ಹಾಕಿಸಿದ್ದೇನೆ, ಪಿಕಪ್ ಬಂದಿದೆ’ ಎಂದರೆ ವಾದ ಮಾಡುವ ಅಗತ್ಯವಿಲ್ಲ, ಅಳೆದು ನೋಡಬಹುದು. ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಇರುವ ಕಾರಾದರೆ ಸ್ಟಿಯರಿಂಗ್ ಕೆಳಗಿನ, ಎಂಜಿನ್ ಮಾಹಿತಿ ಓದುವ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ, ಮೊಬೈಲ್ ಆ್ಯಪ್‌ನಲ್ಲಿ ಆ ಒತ್ತಡದ ಅಂಕಿ ತೆರೆಯಿರಿ. ಖಾಲಿ ರಸ್ತೆಯಲ್ಲಿ, ವೇಗಮಿತಿಯೊಳಗೆ, ಎರಡನೇ ಗೇರಿನಲ್ಲಿ ಒಮ್ಮೆ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಅಂಕಿ ನೋಡಲು ಪಕ್ಕದಲ್ಲೊಬ್ಬರು ಇರಲಿ. ಸಾಧನ ಆಫ್ ಇದ್ದಾಗ ಬೆಂಗಳೂರಿನಲ್ಲಿ ಅದು 90 ಕಿಲೋಪಾಸ್ಕಲ್ ಆಸುಪಾಸು ತೋರಿಸುತ್ತದೆ, ಮಂಗಳೂರಿನಲ್ಲಿ 100ರ ಆಸುಪಾಸು. ಆನ್ ಮಾಡಿ ಮತ್ತೆ ಅದೇ ಗೇರಿನಲ್ಲಿ ತುಳಿಯಿರಿ. ನಾವು ಮಾತಾಡುತ್ತಿರುವ ಮೂರನೇ ಒಂದರಷ್ಟು ಹೆಚ್ಚು ಶಕ್ತಿ ಬರಬೇಕಾದರೆ ಬೆಂಗಳೂರಿನಲ್ಲಿ ಆ ಅಂಕಿ 135ರ ಹತ್ತಿರ ಹೋಗಬೇಕು.